ಮೊದಲ ಆಸ್ಪತ್ರೆಯ ಚೀಟಿ

ಒಬ್ಬರು ಗೂಡಲೂರಿನಲ್ಲಿ ಬಹುಕಾಲದಿಂದ ಅಪಘಾತ ಪರಿಹಾರದ ಮೊಕದ್ದಮೆಗಳನ್ನು ನಡೆಸುತ್ತ ಬಂದಿರುವ ಕನ್ನಡದ ಹಿರಿಯ ವಕೀಲರು. ಇನ್ನೊಬ್ಬಳು ಗುಂಡ್ಲುಪೇಟೆಯಲ್ಲಿ ಈಚೆಗೆ ವೃತ್ತಿಗೆ ಇಳಿದವಳು. ಅವಳ ಕಕ್ಷಿದಾರ ಗುಂಡ್ಲುಪೇಟೆ ಕಡೆಯ ಹಳ್ಳಿಯವನು, ಮಸಿನಗುಡಿಯ ರೆಸಾರ್ಟೊಂದರಲ್ಲಿ ಪರೋಟ ಮಾಸ್ಟರ್. ತೆಪ್ಪಕಾಡು ದಾಟಿ ಮಸಿನಗುಡಿಗೆ ಬೈಕಿನಲ್ಲಿ ಹೋಗುವಾಗ ಪ್ರವಾಸಿಗರ ಕಾರು ತಗುಲಿ ಬಲ ಮಣಿಕಟ್ಟು ಮತ್ತು ಬಲ ತೊಡೆಯ ಮೂಳೆ ಮುರಿದಿವೆ.

ಕಿರಿಯಳು: ಕಾಗದ ಎಲ್ಲ ತಂದಿದ್ದೀನಿ ಸರ್. ಮೈಸೂರಿನ ಡಿಸ್ಚಾರ್ಜ್ ಸಮರಿ, ಬಿಲ್ಲುಗಳು, ಎಕ್ಸ್‌ರೇ. ಅಪಘಾತ ತಮಿಳುನಾಡಿನಲ್ಲಿ ಆದರೂ ಅರ್ಜಿ ಗುಂಡ್ಲುಪೇಟೆಯಲ್ಲೇ ಹಾಕಬಹುದಲ್ಲ?

ಹಿರಿಯರು: ಧಾರಾಳವಾಗಿ ಹಾಕಬಹುದು. ಮೋಟಾರು ವಾಹನ ಕಾಯ್ದೆಯ 166ನೇ ಕಲಮು ಅಪಘಾತ ನಡೆದ ಜಾಗ, ಗಾಯಾಳು ವಾಸವಾಗಿರುವ ಊರು, ಎದುರುದಾರ ಇರುವ ಊರು, ಮೂರರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಲು ಬಿಡುತ್ತೆ. ಕಾಲು ಮುರಿದವನನ್ನು ಪ್ರತಿ ತಾರೀಖಿಗೂ ಊಟಿಗೆ ಹತ್ತಿಸಬೇಕಿಲ್ಲ. ಆದರೆ ನೀನು ತಂದಿರೋದು ಮೈಸೂರಿನ ಕಾಗದ ಮಾತ್ರ. ಅಪಘಾತ ಭಾನುವಾರ, ಮೈಸೂರಿನಲ್ಲಿ ದಾಖಲಾದದ್ದು ಬುಧವಾರ. ನಡುವೆ ಅವನು ಎಲ್ಲಿದ್ದ?

ಕಿರಿಯಳು: ಮೊದಲು ಹತ್ತಿರದ ಒಂದು ಆಸ್ಪತ್ರೆ. ಅಲ್ಲಿ ಪಟ್ಟಿ ಕಟ್ಟಿ ಕಳಿಸಿದರು. ಆಮೇಲೆ ಊಟಿಯಲ್ಲಿ ಎರಡು ರಾತ್ರಿ. ಮನೆಯವರಿಗೆ ಮೈಸೂರೇ ಧೈರ್ಯ ಅನ್ನಿಸಿ, ಕೇಳಿ ಬಿಡಿಸಿಕೊಂಡು ಹೋದರು.

ಹಿರಿಯರು: ಆ ಕಾಗದಗಳು?

ಕಿರಿಯಳು: ಮೊದಲ ಆಸ್ಪತ್ರೆಯ ಓಪಿ ಚೀಟಿ ಇದೆ. ಅದನ್ನು ಕೊಡೋದು ಬೇಡ ಅಂದುಕೊಂಡಿದ್ದೆ. ಅದರಲ್ಲಿ ಬೈಕ್ ಸ್ಕಿಡ್ ಆಗಿ ತಾನೇ ಬಿದ್ದ ಅಂತ ಬರೆದಿದ್ದಾರೆ. ಕಾರಿನ ಮಾತೇ ಇಲ್ಲ. ಮೈಸೂರಿನ ಕಾಗದದಲ್ಲಿ ಕಾರು ಡಿಕ್ಕಿ ಅಂತ ಸ್ಪಷ್ಟವಾಗಿದೆ ಸರ್. ಅಷ್ಟನ್ನೇ ಹಾಜರುಪಡಿಸಿದರೆ ಸಾಲದೆ?

ಹಿರಿಯರು: ಸಾಲದು. ಆ ಚೀಟಿಯನ್ನು ನೀನು ಬಚ್ಚಿಟ್ಟರೆ ಕಂಪನಿಯವರು ಹೊರಗೆ ತೆಗೀತಾರೆ. ವಿಮಾ ಕಂಪನಿಯ ತನಿಖೆಗಾರ ಮೊದಲು ಹೋಗೋದೇ ಗಾಯಾಳುವನ್ನು ಮೊದಲು ಇಳಿಸಿದ ಬಾಗಿಲಿಗೆ. ಪಾಟಿ ಸವಾಲಿನಲ್ಲಿ ಕಂಪನಿ ವಕೀಲರು ಅದನ್ನು ಸಾಕ್ಷಿಯ ಕೈಗೆ ಕೊಟ್ಟು, ಇದನ್ನು ಯಾಕೆ ತಂದಿಲ್ಲ ಅಂತ ಕೇಳಿದ ಗಳಿಗೆಗೆ ನಿಜವಾದ ಅಪಘಾತವೂ ಸುಳ್ಳಿನ ಬಣ್ಣ ಪಡೆಯುತ್ತೆ. ತಾನೇ ಬಿದ್ದವನು ಮೂರು ದಿನ ಆದ ಮೇಲೆ ಒಂದು ಕಾರನ್ನು ಹುಡುಕಿಕೊಂಡ ಅಂತ ಅವರು ವಾದಿಸ್ತಾರೆ. ಹಾಗೆ ನಡೆದ ಮೋಸಗಳೂ ಇವೆ, ಅದರಿಂದಲೇ ನ್ಯಾಯಾಧೀಶರು ಮೊದಲ ಬರಹವನ್ನು ಅಷ್ಟು ನಂಬೋದು.

ಕಿರಿಯಳು: ಆದರೆ ಬರೆದದ್ದೇ ತಪ್ಪು ಸರ್! ನನ್ನ ಕಕ್ಷಿದಾರ ಹಾಗೆ ಹೇಳೇ ಇಲ್ಲ. ಅವನಿಗೆ ಪೂರ್ತಿ ಎಚ್ಚರವೂ ಇರಲಿಲ್ಲ.

ಹಿರಿಯರು: ಹಾಗಾದರೆ ಹೇಳಿದವರು ಯಾರು? ಅದನ್ನು ಕೇಳು. ಚೀಟಿಯಲ್ಲಿ ಕರೆತಂದವರ ಹೆಸರಿದೆಯಾ ನೋಡು.

ಕಿರಿಯಳು: ಇಲ್ಲ. ಆ ಜಾಗ ಖಾಲಿ. ಜೀಪಿನವನೊಬ್ಬ ಕರೆದುಕೊಂಡು ಬಂದ ಅಂತ ಕಕ್ಷಿದಾರನ ತಮ್ಮ ಹೇಳ್ತಾನೆ.

ಹಿರಿಯರು: ಸರಿ ಹೋಯ್ತು. ಆ ಜೀಪಿನವನು ಡಿಕ್ಕಿ ಆದದ್ದನ್ನು ನೋಡಿಲ್ಲ. ರಸ್ತೆ ಬದಿಯಲ್ಲಿ ಬಿದ್ದವನನ್ನು ನೋಡಿದ್ದಾನೆ. ಆಸ್ಪತ್ರೆಯಲ್ಲಿ ಏನಾಯ್ತು ಅಂತ ಕೇಳಿದರೆ ಗಾಡಿಯಿಂದ ಬಿದ್ದಿದ್ದಾನೆ ಅಂದಿರ್ತಾನೆ. ಈ ಗುಡ್ಡಗಳಲ್ಲಿ ಒಂದೇ ಓಪಿಗೆ ತಮಿಳು, ಮಲಯಾಳಂ, ಬಡಗ, ಕನ್ನಡ, ಇರುಳ, ಪಣಿಯ ಮಾತಾಡೋರು ಬರ್ತಾರೆ. ರಾತ್ರಿ ಪಾಳಿಯ ನರ್ಸ್ ಅರ್ಥವಾದಷ್ಟನ್ನು ಇಂಗ್ಲಿಷಿನಲ್ಲಿ ಒಂದು ಸಾಲು ಬರೀತಾರೆ. ಅವರ ಗಮನ ಹರಿಯುತ್ತಿರೋ ರಕ್ತದ ಮೇಲೆ, ಮುಂದೆ ಬರೋ ಮೊಕದ್ದಮೆಯ ಮೇಲಲ್ಲ. ಹಾಗೇ ಇರಬೇಕು ಕೂಡ. 1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಅದನ್ನೇ: ಮೊದಲು ಜೀವ ಉಳಿಸಿ, ಕಾನೂನಿನ ವಿಧಿಗಳು ಆಮೇಲೆ.

ಕಿರಿಯಳು: ಕರೆತಂದವನ ಹೆಸರನ್ನಾದರೂ ಬರೆದಿಡಬೇಕಿತ್ತಲ್ಲ.

ಹಿರಿಯರು: ಬಲವಂತ ಮಾಡುವ ಹಾಗಿಲ್ಲ. 2016ರಲ್ಲಿ ಸೇವ್‌ಲೈಫ್ ಫೌಂಡೇಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗಾಯಾಳುವಿಗೆ ನೆರವಾದವರನ್ನು ಕಾಪಾಡುವ ಮಾರ್ಗಸೂಚಿಗಳಿಗೆ ಒಪ್ಪಿಗೆ ಕೊಟ್ಟಿತು, 2019ರ ತಿದ್ದುಪಡಿಯಲ್ಲಿ 134ಎ ಕಲಮಾಗಿ ಕಾಯ್ದೆಗೂ ಬಂತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನು ಹೆಸರು ಹೇಳದೆ ಹೊರಟುಹೋಗಬಹುದು. ಆ ರಕ್ಷಣೆ ಇಲ್ಲದಿದ್ದ ಕಾಲವನ್ನು ನಾನು ನೋಡಿದ್ದೀನಮ್ಮ. ಪೊಲೀಸ್ ಠಾಣೆಗೆ ಅಲೆಯಬೇಕಾಗುತ್ತೆ ಅಂತ ಹೆದರಿ ಜನ ಗಾಡಿ ನಿಲ್ಲಿಸದೆ ಹೋಗ್ತಿದ್ದರು. ಆ ಜಾಗ ಖಾಲಿ ಇರೋದು ನಮಗೆ ತೊಂದರೆ, ನಿಜ. ಆದರೆ ನಿನ್ನ ಕಕ್ಷಿದಾರ ಬದುಕಿರೋದೂ ಆ ಕಾನೂನು ಕೊಟ್ಟ ಧೈರ್ಯದಿಂದಲೇ ಇರಬಹುದು. ಜೀಪಿನವನನ್ನು ಪ್ರೀತಿಯಿಂದ ಹುಡುಕಿ, ಪ್ರೀತಿಯಿಂದ ಕೇಳು. ಮಸಿನಗುಡಿ ಚಿಕ್ಕ ಊರು, ಯಾರು ಅಂತ ಜೀಪ್ ಸ್ಟ್ಯಾಂಡಿನಲ್ಲಿ ಗೊತ್ತಿರುತ್ತೆ.

ಕಿರಿಯಳು: ಅವನು ಸಿಗದಿದ್ದರೆ?

ಹಿರಿಯರು: ಅದಕ್ಕೇ ಉಳಿದ ಕಾಗದ ಬೇಕು ಅನ್ನೋದು. ಊಟಿಯಲ್ಲಿ ಎ.ಆರ್. ಕಾಪಿ ತೆಗೆದಿದ್ದೀಯಾ?

ಕಿರಿಯಳು: ಎ.ಆರ್.?

ಹಿರಿಯರು: ಆಕ್ಸಿಡೆಂಟ್ ರಿಜಿಸ್ಟರ್. ತಮಿಳುನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಪಘಾತ, ಹೊಡೆದಾಟ, ವಿಷ, ಯಾವುದೇ ಪೊಲೀಸ್ ಪ್ರಕರಣ ಬಂದರೂ ಡ್ಯೂಟಿ ಡಾಕ್ಟರು ಆ ಪುಸ್ತಕದಲ್ಲಿ ಬರೀತಾರೆ. ಎಷ್ಟು ಗಂಟೆಗೆ ಬಂದ, ಯಾರು ಕರೆತಂದರು, ಎಲ್ಲಿ ಹೇಗೆ ಆಯ್ತು ಅಂತ ಹೇಳಿದರು, ಮೈಮೇಲಿನ ಗುರುತು, ಒಂದೊಂದು ಗಾಯದ ಅಳತೆ. ನಿಮ್ಮ ಕಡೆ ವೂಂಡ್ ಸರ್ಟಿಫಿಕೇಟ್‌ಗೆ ಇರುವ ತೂಕ ಇಲ್ಲಿ ಎ.ಆರ್.ಗೂ ಇದೆ. ಅಷ್ಟು ಹೊತ್ತಿಗೆ ನಿನ್ನ ಕಕ್ಷಿದಾರನಿಗೆ ಎಚ್ಚರ ಬಂದಿದ್ದರೆ ಕಾರಿನ ವಿಷಯ ಅವನೇ ಹೇಳಿರ್ತಾನೆ. ಅದೇ ರಾತ್ರಿ, ಯಾವ ವಕೀಲನ ಮುಖವನ್ನೂ ನೋಡುವ ಮೊದಲು ಹೇಳಿದ ಮಾತು ಅದು. ಮೈಸೂರಿನ ಬುಧವಾರದ ಬರಹಕ್ಕಿಂತ ಅದು ನೂರು ಪಾಲು ಗಟ್ಟಿ.

ಕಿರಿಯಳು: ಅದು ನಮಗೆ ಸಿಗುತ್ತಾ? ಊಟಿಯಲ್ಲಿ ಕೇಳಿದ್ದಕ್ಕೆ, ಪೊಲೀಸ್ ಕೇಸು, ಪೊಲೀಸರಿಗೆ ಮಾತ್ರ ಕೊಡೋದು ಅಂತ ಕೌಂಟರಿನಲ್ಲಿ ಹೇಳಿ ಕಳಿಸಿದರು.

ಹಿರಿಯರು: ಬಾಯಿಮಾತಿನಲ್ಲಿ ಕೇಳಿದೆಯಾ, ಬರೆದು ಕೊಟ್ಟೆಯಾ?

ಕಿರಿಯಳು: ಬಾಯಿಮಾತಿನಲ್ಲೇ.

ಹಿರಿಯರು: ಬಾಯಿಮಾತಿಗೆ ಬಾಯಿಮಾತಿನದೇ ಉತ್ತರ ಬರುತ್ತೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಗಳನ್ನು ಒಂದು ಸಲ ಓದಿಕೋ. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿ, ಅವನು ಒಪ್ಪಿಗೆ ಕೊಟ್ಟ ವ್ಯಕ್ತಿ, ಇಲ್ಲವೇ ಕಾನೂನಿನ ಅಧಿಕಾರಿಗಳು ಕೇಳಿದರೆ ಮನವಿ ತಲುಪಿದ್ದಕ್ಕೆ ಸ್ವೀಕೃತಿ ಕೊಟ್ಟು 72 ಗಂಟೆಯೊಳಗೆ ದಾಖಲೆ ಕೊಡಬೇಕು. ಕೊಡದಿದ್ದರೆ ಅದು ವೈದ್ಯನ ದುರ್ನಡತೆ. 2023ರಲ್ಲಿ ಹೊಸ ನಿಯಮ ಹೊರಡಿಸಿ ಅದನ್ನು ತಡೆಹಿಡಿದ ಮೇಲೆ 2002ರದ್ದೇ ಚಾಲ್ತಿಯಲ್ಲಿದೆ. ಇದಕ್ಕೂ ಮೊದಲೇ, 1996ರಲ್ಲಿ, ರಘುನಾಥ ರಹೇಜಾ ಪ್ರಕರಣದಲ್ಲಿ ಬಾಂಬೆ ಹೈಕೋರ್ಟು ಕೇಸ್ ಪೇಪರುಗಳ ಪ್ರತಿಯನ್ನು ರೋಗಿಗೆ ಕೊಡಲೇಬೇಕು ಅಂತ ಹೇಳಿತ್ತು. ಆ ಕಾಗದದಲ್ಲಿರೋದು ಅವನ ಮೂಳೆ, ಅವನ ರಕ್ತ, ಅವನ ನೋವು. ಕೇಳೋಕೆ ಅವನು ಯಾರ ದಾಕ್ಷಿಣ್ಯಕ್ಕೂ ಬೀಳಬೇಕಿಲ್ಲ.

ಕಿರಿಯಳು: ನನ್ನ ವಕಾಲತ್ತು ತೋರಿಸಿದರೆ ಕೊಡ್ತಾರಾ?

ಹಿರಿಯರು: ವಕಾಲತ್ತು ಕೋರ್ಟಿಗೆ. ಆಸ್ಪತ್ರೆಗೆ ಬೇರೆ ಒಪ್ಪಿಗೆ ಪತ್ರ ಬೇಕು, ಅದನ್ನು ಕೇಳೋದು ಆಸ್ಪತ್ರೆಯ ಹಕ್ಕೂ ಹೌದು. ದಾರೀಲಿ ಹೋಗೋನಿಗೆಲ್ಲ ರೋಗಿಯ ಗುಟ್ಟು ಕೊಡೋಕೆ ಆಗಲ್ಲವಲ್ಲ. ಪತ್ರದಲ್ಲಿ ರೋಗಿಯ ಹೆಸರು, ತಂದೆಯ ಹೆಸರು, ವಯಸ್ಸು, ಓಪಿ ಅಥವಾ ಐಪಿ ನಂಬರು, ಸೇರಿದ ಮತ್ತು ಬಿಡುಗಡೆಯಾದ ತಾರೀಖು ಬರೆದು, ಇಂಥ ವಕೀಲರಿಗೆ ಇಂಥ ದಾಖಲೆಗಳ ದೃಢೀಕೃತ ಪ್ರತಿ ಕೊಡಲು ನನ್ನ ಒಪ್ಪಿಗೆ ಇದೆ ಅಂತ ಇರಲಿ. ಗುರುತಿನ ಚೀಟಿಯ ನಕಲು ಜೊತೆಗಿರಲಿ. ರೋಗಿಗೆ ಪ್ರಜ್ಞೆ ಇಲ್ಲದಿದ್ದರೆ ಹತ್ತಿರದ ಸಂಬಂಧಿ, ತೀರಿಕೊಂಡಿದ್ದರೆ ವಾರಸುದಾರರು ಸಹಿ ಹಾಕಬೇಕು. ಸರ್ಕಾರಿ ಆಸ್ಪತ್ರೆಯಾದರೆ ಸೂಪರಿಂಟೆಂಡೆಂಟರ ಹೆಸರಿಗೆ, ಖಾಸಗಿಯಾದರೆ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು, ತಾರೀಖು ಹಾಕಿಸಿಕೊಂಡೇ ಹೊರಗೆ ಬಾ. ಆ ಮೊಹರು ಬಿದ್ದ ಮೇಲೆ 72 ಗಂಟೆಯ ಲೆಕ್ಕ ಯಾರೂ ಅಲ್ಲಗಳೆಯೋಕಾಗಲ್ಲ.

ಕಿರಿಯಳು: ಮೊಹರು ಹಾಕೋಕೂ ಒಪ್ಪದಿದ್ದರೆ?

ಹಿರಿಯರು: ಸ್ಪೀಡ್ ಪೋಸ್ಟ್. ಸರ್ಕಾರಿ ಆಸ್ಪತ್ರೆಗೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಬಹುದು, ಆದರೆ ಅದಕ್ಕೆ 30 ದಿನದ ಗಡುವು. ಅದನ್ನೇ ಮೊದಲು ಮಾಡಿದರೆ ಮೂರು ದಿನದಲ್ಲಿ ಸಿಗಬೇಕಾದ್ದಕ್ಕೆ ತಿಂಗಳು ಕಾಯ್ತೀಯ. ಕೊನೆಗೆ ನ್ಯಾಯಮಂಡಳಿಯೇ ಇದೆ. 169ನೇ ಕಲಮಿನಡಿ ಅದಕ್ಕೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಜೊತೆಗೆ ಪೊಲೀಸರ ದಾರಿಯನ್ನು ಮರೆಯಬೇಡ. 2022ರ ಏಪ್ರಿಲ್ 1ರಿಂದ ಬಂದಿರೋ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯಲ್ಲಿ ಮೊದಲ ಅಪಘಾತ ವರದಿ, 50 ದಿನದಲ್ಲಿ ಮಧ್ಯಂತರ ವರದಿ, 90 ದಿನದಲ್ಲಿ ವಿವರ ವರದಿ ಕೊಡಬೇಕು. ಆಸ್ಪತ್ರೆ 15 ದಿನದಲ್ಲಿ ಎಂಎಲ್‌ಸಿ, ಅಂದರೆ ಮೆಡಿಕೊ ಲೀಗಲ್ ವರದಿಯನ್ನು ಅವರ ಕೈಗೆ ಕೊಡಬೇಕು. ಅದೇ ವರ್ಷ ಡಿಸೆಂಬರಿನಲ್ಲಿ ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೆಲ್ಲ ದೇಶಪೂರ್ತಿ ಜಾರಿ ಮಾಡಿ ಅಂತ ನಿರ್ದೇಶನ ಕೊಟ್ಟಿತು. ಮಸಿನಗುಡಿ ಠಾಣೆಗೆ ಹೋಗಿ ಆ ವರದಿಗಳ ಪ್ರತಿಯನ್ನು ಕೇಳು. ಎಫ್‌ಐಆರ್ ತಮಿಳಿನಲ್ಲಿರುತ್ತೆ, ಕನ್ನಡಕ್ಕೋ ಇಂಗ್ಲಿಷಿಗೋ ಅನುವಾದ ಮಾಡಿಸಿ ಮೂಲದ ಜೊತೆ ಲಗತ್ತಿಸು.

ಕಿರಿಯಳು: ಎಫ್‌ಐಆರ್‌ನಲ್ಲಿ ಹೆಸರೇ ಬೇರೆ ಆಗಿದೆ ಸರ್. ತಂದೆ ಹೆಸರಿನ ಇನಿಶಿಯಲ್ ಮುಂದೆ ಬಂದಿದೆ, ಹೆಸರಿನ ಗಕಾರ ಕಕಾರ ಆಗಿದೆ. ಆಧಾರಿನಲ್ಲಿ ಒಂದು, ಮೊದಲ ಚೀಟಿಯಲ್ಲಿ ಇನ್ನೊಂದು.

ಹಿರಿಯರು: ಈ ಗಡಿಯಲ್ಲಿ ಪ್ರತಿ ಎರಡನೇ ಫೈಲಿನಲ್ಲೂ ಇರೋ ತಾಪತ್ರಯ ಅದು. ಎಲ್ಲ ಹೆಸರುಗಳೂ ಒಬ್ಬನವೇ ಅಂತ ಪ್ರಮಾಣಪತ್ರ ಮಾಡಿಸು. ಎ.ಆರ್.ನಲ್ಲಿ ಬರೆದಿರೋ ಮಚ್ಚೆಯ ಗುರುತು ಆಗ ಕೈಹಿಡಿಯುತ್ತೆ. ಆದಿವಾಸಿ ಹಾಡಿಗಳಿಂದ ಬಂದ ಗಾಯಾಳುಗಳದ್ದು ಇನ್ನೂ ಕಷ್ಟ. ಹೆಸರು ಒಂದೊಂದು ಕಡೆ ಒಂದೊಂದು, ವಯಸ್ಸು ಅಂದಾಜು, ಚೀಟಿ ಮಳೆಯಲ್ಲಿ ನೆನೆದು ಹೋಗಿರುತ್ತೆ. ನ್ಯಾಯ ಸಿಗಬೇಕಾದವರಿಗೇ ಕಾಗದ ಇರಲ್ಲ. ಈ ಕೆಲಸದಲ್ಲಿ ನನಗೆ ಇವತ್ತಿಗೂ ನುಂಗೋಕಾಗದ ಸಂಕಟ ಅದೇ.

ಕಿರಿಯಳು: ಕೇಸ್ ಶೀಟ್ ಪೂರ್ತಿ ಬೇಕಾ ಸರ್? ಡಿಸ್ಚಾರ್ಜ್ ಸಮರಿಯಲ್ಲೇ ಎಲ್ಲ ಇದೆಯಲ್ಲ.

ಹಿರಿಯರು: ಸಮರಿ ಎರಡು ಪುಟ. ಕಂಪನಿಯವರು ಓದೋದು ಕೇಸ್ ಶೀಟ್. ಅವರಿಗಿಂತ ಮೊದಲು ನೀನು ಓದಬೇಕು. ಸೇರಿಸಿಕೊಂಡಾಗಿನ ಟಿಪ್ಪಣಿ, ಆಪರೇಷನ್ ನೋಟ್ಸ್, ಅರಿವಳಿಕೆಯ ಹಾಳೆ, ನರ್ಸುಗಳ ದಿನಚರಿ, ಫಿಜಿಯೊಥೆರಪಿಯವರ ಬರಹ, ಎಕ್ಸ್‌ರೇಯ ವರದಿ ಮತ್ತು ಫಿಲ್ಮು. ರಾತ್ರಿ ಎರಡು ಗಂಟೆಗೆ ರೋಗಿ ನೋವಿನಿಂದ ಅರಚಿದ, ಇಂಜೆಕ್ಷನ್ ಕೊಟ್ಟೆವು ಅಂತ ನರ್ಸ್ ಬರೆದಿರ್ತಾರೆ. ನೋವು ಯಾತನೆಗೆ ಪರಿಹಾರ ಕೇಳ್ತೀಯಲ್ಲ, ಆ ಒಂದು ಸಾಲು ನಿನ್ನ ಹತ್ತು ನಿಮಿಷದ ವಾದಕ್ಕಿಂತ ಹೆಚ್ಚು ಹೇಳುತ್ತೆ. ಊಟಿಯಿಂದ ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡಿಸಿಕೊಂಡು ಹೋದರು ಅಂತ ಬರೆದಿದ್ದಾರಾ ಅದನ್ನೂ ನೋಡು. ಬರೆದಿದ್ದರೆ, ಕಾಲು ಸೊಟ್ಟಗೆ ಕೂಡಿದ್ದು ಮನೆಯವರ ತಪ್ಪಿನಿಂದ ಅನ್ನೋ ವಾದ ಬರುತ್ತೆ. ಯಾಕೆ ಹೋದರು ಅಂತ ತಮ್ಮನ ಬಾಯಲ್ಲಿ ಹೇಳಿಸೋಕೆ ಸಿದ್ಧವಾಗಿರಬೇಕು.

ಕಿರಿಯಳು: ಇನ್ನೊಂದು ಕೇಳಬೇಕಿತ್ತು. ಕುಡಿದ ವಾಸನೆ ಇತ್ತು ಅಂತ ಎಲ್ಲಾದರೂ ಬರೆದಿದ್ದರೆ? ತಮ್ಮ ಅದಕ್ಕೇ ಹೆದರಿದ್ದಾನೆ. ಆಸ್ಪತ್ರೆಯಲ್ಲಿ ಪರಿಚಯದವರಿದ್ದಾರೆ, ಹೇಳಿ ತೆಗೆಸ್ತೀನಿ ಅಂದ.

ಹಿರಿಯರು: ಅವನನ್ನು ಇವತ್ತೇ ತಡೆ. ದಾಖಲೆಯ ಒಂದು ಅಕ್ಷರ ಮುಟ್ಟಿದರೂ ಮೊಕದ್ದಮೆ ಅಲ್ಲಿಗೇ ಮುಗೀತು. ಬರೆದುಕೊಟ್ಟವರ ಕೆಲಸವೂ ಹೋಗುತ್ತೆ. ವಾಸನೆ ಇತ್ತು ಅನ್ನೋ ಸಾಲನ್ನು ಎದುರಿಸಬಹುದಮ್ಮ. ರಕ್ತ ಪರೀಕ್ಷೆ ಆಗಿದೆಯಾ, ಪ್ರಮಾಣ ಎಷ್ಟು, ಕಾರು ತನ್ನ ಬದಿ ಬಿಟ್ಟು ಬಂದದ್ದಕ್ಕೂ ಇವನ ಬಾಯಿಯ ವಾಸನೆಗೂ ಏನು ಸಂಬಂಧ, ಇವೆಲ್ಲ ವಾದ ಮಾಡುವ ವಿಷಯ. ತಿದ್ದಿದ ಕಾಗದಕ್ಕೆ ವಾದವೇ ಇಲ್ಲ. ಆ ಸಾಲು ಇದ್ದರೂ ಸರಿ, ಪೂರ್ತಿ ದಾಖಲೆಯನ್ನೇ ಹಾಜರುಪಡಿಸು.

ಕಿರಿಯಳು: ಊಟಿಯಲ್ಲಿ ಒಂದು ರೂಪಾಯಿ ಬಿಲ್ ಇಲ್ಲ ಸರ್. ಚಿಕಿತ್ಸೆ ಉಚಿತ ಅಂದರಂತೆ.

ಹಿರಿಯರು: 'ಇನ್ನುಯಿರ್ ಕಾಪ್ಪೋಂ – ನಮ್ಮೈ ಕಾಕ್ಕುಂ 48' ಅನ್ನೋ ಯೋಜನೆ. 2021ರ ಡಿಸೆಂಬರ್ 18ರಂದು ಶುರುವಾಯ್ತು. ತಮಿಳುನಾಡಿನ ಗಡಿಯೊಳಗೆ ಅಪಘಾತ ಆದರೆ ಯಾವ ರಾಜ್ಯದವನಾದರೂ ಮೊದಲ 48 ಗಂಟೆಯ ಚಿಕಿತ್ಸೆ ಉಚಿತ. ಬಡವರಿಗೆ ಅದು ಎಷ್ಟು ದೊಡ್ಡ ಆಸರೆ ಅಂತ ಈ ಊರಿನಲ್ಲಿ ಕೂತವರಿಗೆ ಗೊತ್ತು. ಬಿಲ್ ಇಲ್ಲ ಅಂದರೆ ಆ ಖರ್ಚನ್ನು ಕೇಳೋಕಾಗಲ್ಲ, ಆದರೆ ದಾಖಲೆ ಇದ್ದೇ ಇರುತ್ತೆ. ಬಿಲ್ ಇಲ್ಲದ ಕಡೆಗೆ ಹೋಗೋದೇ ಬೇಡ ಅಂದುಕೊಂಡು ಎಷ್ಟೋ ವಕೀಲರು ಸರ್ಕಾರಿ ಆಸ್ಪತ್ರೆಯ ಕಾಗದವನ್ನೇ ತರಲ್ಲ. ದೊಡ್ಡ ತಪ್ಪು ಅದು. ಇನ್ನು ಮೈಸೂರಿನ ಬಿಲ್ಲುಗಳು. ಔಷಧಿ ಅಂಗಡಿಯ ಥರ್ಮಲ್ ಕಾಗದ ವಿಚಾರಣೆ ಬರೋ ಹೊತ್ತಿಗೆ ಬೆಳ್ಳಗಾಗಿರುತ್ತೆ. ಇವತ್ತೇ ಜೆರಾಕ್ಸ್ ಮಾಡಿಸಿ ಜೊತೆಗಿಡು. ಎಕ್ಸ್‌ರೇ ಫಿಲ್ಮನ್ನು ಗೂಡಲೂರಿನ ಮಳೆಗಾಲದಲ್ಲಿ ಕಬ್ಬಿಣದ ಬೀರುವಿನಲ್ಲಿ ಒಂದರ ಮೇಲೊಂದು ಇಟ್ಟರೆ ಬೂಸ್ಟು ಹಿಡಿದು ಅಂಟಿಕೊಳ್ಳುತ್ತೆ. ನಡುವೆ ಒಣ ಕಾಗದ ಹಾಕು. ಅವನಿಗೆ ರೆಸಾರ್ಟಿನ ಮೆಡಿಕ್ಲೇಮ್ ಇತ್ತಾ ಕೇಳು. ಇದ್ದು ಅಸಲು ಬಿಲ್ಲುಗಳನ್ನು ಅಲ್ಲಿಗೆ ಕೊಟ್ಟಿದ್ದರೆ ಅದನ್ನೂ ಮುಚ್ಚಿಡಬೇಡ.

ಕಿರಿಯಳು: ಅಂಗವೈಕಲ್ಯದ ಸರ್ಟಿಫಿಕೇಟನ್ನು ನಮ್ಮ ಕೋರ್ಟಿನ ಹತ್ತಿರವೇ ಒಬ್ಬ ಡಾಕ್ಟರು ಕೊಡ್ತಾರೆ, ಸಾಕ್ಷಿಗೂ ಬರ್ತಾರೆ ಅಂತ ಗುಮಾಸ್ತರು ಹೇಳಿದರು.

ಹಿರಿಯರು: ಬೇಡ. ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ತೀರ್ಪು ನಿನಗೆ ಗೊತ್ತಿರಬೇಕು, 2010ರ ಅಕ್ಟೋಬರಿನದು. ಚಿಕಿತ್ಸೆಯನ್ನೇ ಕೊಡದವರು ಕೇಳಿದ ತಕ್ಷಣ ಬರೆದುಕೊಡೋ ಸರ್ಟಿಫಿಕೇಟನ್ನು ನಂಬಬೇಡಿ ಅಂತ ನ್ಯಾಯಮಂಡಳಿಗಳಿಗೆ ಎಚ್ಚರಿಕೆ ಅದರಲ್ಲೇ ಇದೆ. ಅನುಮಾನ ಬಂದರೆ ಮೆಡಿಕಲ್ ಬೋರ್ಡಿಗೆ ಕಳಿಸಬಹುದು. ಅದೇ ತೀರ್ಪು ಇನ್ನೊಂದು ಬಹಳ ಬೆಲೆಯುಳ್ಳ ಮಾತು ಹೇಳುತ್ತೆ. ದೇಹಕ್ಕೆ ಆದ ನಷ್ಟ ಬೇರೆ, ದುಡಿಮೆಗೆ ಆದ ನಷ್ಟ ಬೇರೆ. ಎಡಗೈ ಹೋದ ಬಡಗಿಯೋ ಡ್ರೈವರೋ ಹೆಚ್ಚುಕಡಿಮೆ ಪೂರ್ತಿ ದುಡಿಮೆ ಕಳೆದುಕೊಳ್ತಾನೆ. ಸರ್ಕಾರಿ ಕಚೇರಿಯ ಗುಮಾಸ್ತನಿಗೆ ಹಾಗಾಗದೆ ಇರಬಹುದು. ನಿನ್ನ ಕಕ್ಷಿದಾರನ ಮಣಿಕಟ್ಟನ್ನು ಆ ಕಣ್ಣಿನಿಂದ ನೋಡು.

ಕಿರಿಯಳು: ಅವನು ಪರೋಟ ಮಾಸ್ಟರ್. ಹಿಟ್ಟು ನಾದಬೇಕು, ಬೀಸಬೇಕು, ಹಂಚಿನ ಮುಂದೆ ಗಂಟೆಗಟ್ಟಲೆ ನಿಲ್ಲಬೇಕು. ಮಣಿಕಟ್ಟು ತಿರುಗಲ್ಲ, ತೊಡೆ ಹೊರೆ ತಾಳಲ್ಲ.

ಹಿರಿಯರು: ಇದನ್ನೇ ಮೈಸೂರಿನಲ್ಲಿ ಆಪರೇಷನ್ ಮಾಡಿದ ಡಾಕ್ಟರಿಗೆ ಹೇಳು. ಅವನು ಏನು ಕೆಲಸ ಮಾಡ್ತಿದ್ದ ಅನ್ನೋದು ಕೇಸ್ ಶೀಟಿನಲ್ಲಿ ಇರಲ್ಲ. ಮಣಿಕಟ್ಟು ಎಷ್ಟು ಡಿಗ್ರಿ ತಿರುಗುತ್ತೆ, ಹಿಡಿತದ ಬಲ ಎಷ್ಟು ಉಳಿದಿದೆ ಅಂತ ಅವರು ಅಳೆದು ಬರೆದರೆ, ಆ ಅಳತೆಯನ್ನು ಪರೋಟದ ಕಲ್ಲಿನ ಹತ್ತಿರ ತಂದು ನಿಲ್ಲಿಸೋದು ನಿನ್ನ ಕೆಲಸ. ಡಾಕ್ಟರನ್ನು ಕೋರ್ಟಿನ ವರಾಂಡದಲ್ಲಿ ದಿನಪೂರ್ತಿ ಕೂರಿಸಬೇಡ. ಅವರ ಬಾಗಿಲಲ್ಲೂ ಇನ್ನೊಬ್ಬ ಗಾಯಾಳು ಕಾಯ್ತಿರ್ತಾನೆ. ನಿಗದಿತ ಹೊತ್ತು ಕೊಡಿ, ಇಲ್ಲವೇ ಕಮಿಷನ್ ಕಳಿಸಿ ಅವರಿದ್ದಲ್ಲೇ ಸಾಕ್ಷ್ಯ ತಗೊಳ್ಳಿ ಅಂತ ಅದೇ ತೀರ್ಪು ಹೇಳಿದೆ. ಊಟಿಯ ಡಾಕ್ಟರು ವರ್ಗವಾಗಿ ಹೋಗಿದ್ದರೆ ರಿಜಿಸ್ಟರನ್ನು ಈಗ ಇಟ್ಟುಕೊಂಡಿರೋ ಅಧಿಕಾರಿಯ ಮೂಲಕ ಗುರುತು ಮಾಡಿಸು.

ಕಿರಿಯಳು: ಇಷ್ಟೆಲ್ಲ ಕೂಡಿಸಿಕೊಂಡು ಅರ್ಜಿ ಹಾಕೋ ಹೊತ್ತಿಗೆ ತಡವಾಗಲ್ವಾ?

ಹಿರಿಯರು: ಕೂಡಿಸಿಕೊಂಡೇ ಹಾಕಬೇಕು ಅಂತ ಕಾಯಬೇಡ. 166(3) ಹೇಳೋ ಪ್ರಕಾರ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಕೊಡಬೇಕು. ಆ ಗಡುವು ಸರಿಯೇ ಅನ್ನೋ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಹೋಗಿದೆ ಅಂತ ನಂಬಿ ಕೂತವರು ತಮ್ಮ ಕಕ್ಷಿದಾರನ ಅನ್ನದ ಮೇಲೆ ಜೂಜಾಡಿದ ಹಾಗೆ. ಈಗ ಇರೋದನ್ನು ಹಾಕು, ಉಳಿದದ್ದನ್ನು ವಿಚಾರಣೆಗೆ ಮುಂಚೆ ಸೇರಿಸು.

ಕಿರಿಯಳು: ಹಾಗಾದರೆ ಸ್ಕಿಡ್ ಅಂತ ಬರೆದ ಚೀಟಿ?

ಹಿರಿಯರು: ನೀನೇ ಹೇಳು.

ಕಿರಿಯಳು: ಎಫ್‌ಐಆರ್ ಗುರುತು ಮಾಡಿಸಿದ ತಕ್ಷಣ ಆ ಚೀಟಿಯನ್ನೇ ಗುರುತು ಮಾಡಿಸ್ತೀನಿ. ಮುಖ್ಯ ವಿಚಾರಣೆಯಲ್ಲೇ ನಾನೇ ಕೇಳ್ತೀನಿ: ಇದರಲ್ಲಿ ಬಿದ್ದೆ ಅಂತ ಇದೆ, ಇದನ್ನು ಹೇಳಿದವರು ಯಾರು, ಆಗ ನಿನಗೆ ಎಚ್ಚರ ಇತ್ತಾ? ಅದರ ಹಿಂದೆಯೇ ಊಟಿಯ ಎ.ಆರ್., ಸಿಕ್ಕರೆ ಜೀಪಿನವನು. ಕಂಪನಿಯವರು ಕೇಳೋಕೆ ಮುಂಚೆ ನಾವೇ ಹೇಳಿಬಿಡೋದು.

ಹಿರಿಯರು: ಕೆಕ್ಕನಹಳ್ಳ, ತೆಪ್ಪಕಾಡು ಚೆಕ್‌ಪೋಸ್ಟುಗಳಲ್ಲಿ ಆ ಕಾರು ದಾಟಿದ ಹೊತ್ತಿನ ದಾಖಲೆ ಇದ್ದರೆ ಅದಕ್ಕೂ ಅರಣ್ಯ ಇಲಾಖೆಗೆ ಬರೆದು ಕೇಳು. 108 ಆಂಬುಲೆನ್ಸ್ ಊಟಿಗೆ ಒಯ್ದಿದ್ದರೆ ಅದರಲ್ಲಿದ್ದವರು ಬರೆದ ಹಾಳೆಯೂ ಇರುತ್ತೆ. ಒಪ್ಪಿಗೆ ಪತ್ರಕ್ಕೆ ಅವನ ಸಹಿ ಯಾವಾಗ ತಗೊಳ್ತೀಯ?

ಕಿರಿಯಳು: ಬಲಗೈಗೆ ಇನ್ನೂ ಪಟ್ಟಿ ಇದೆ, ಸಹಿ ಬರಲ್ಲ.

ಹಿರಿಯರು: ಎಡಗೈ ಹೆಬ್ಬೆಟ್ಟು ಒತ್ತಿಸು. ಯಾಕೆ ಹೆಬ್ಬೆಟ್ಟು ಅಂತ ಕೆಳಗೆ ಒಂದು ಸಾಲು ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸು. ಆಸ್ಪತ್ರೆಗೊಂದರ ಹಾಗೆ ಮೂರು ಪತ್ರ ಮಾಡು. ಊಟಿಯದನ್ನು ನಾಳೆ ಬೆಳಿಗ್ಗೆ ನಾನೇ ಕೊಟ್ಟು ಮೊಹರು ಹಾಕಿಸಿಕೊಂಡು ಬರ್ತೀನಿ. ಮೈಸೂರಿನದನ್ನು ನೀನು ನೋಡಿಕೋ.